ಕವಿಶಿಷ್ಯ ಪಂಜೆ ಮಂಗೇಶರಾಯರು

ಭದ್ರಾ ನದಿಯ ದಂಡೆಯಲ್ಲಿರುವ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸವನ್ನು ಆರಂಭಿಸಿತು. ಅಂದಿನಿಂದ ನಾನಾ ಕಡೆಯ ಜನರು ದುಡಿಮೆಗಾಗಿ ಬಂದು ಆ ಊರಿನಲ್ಲಿ ನೆಲಸಿದರು. ಒಂದು ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ಉರ್ದು, ಅದರಾಚೆ ತೆಲುಗು, ತುಳು, ಕೊಂಕಣಿ. ಹೀಗೆ ಒಂದೇ ಬೀದಿಯಲ್ಲಿ ಹಲವು ನುಡಿಗಳು ಕೇಳಿಬಂದವು. ಆ ಮನೆಗಳ ಮಕ್ಕಳೆಲ್ಲ ಶಾಲೆಯಲ್ಲಿ ಜೊತೆಯಾಗಿ ಕುಳಿತು ಕನ್ನಡವನ್ನು ಕಲಿತರು. ನೆರೆಯ ಶಿವಮೊಗ್ಗದ ವಿದ್ಯಾನಗರದಂತಹ ಬಡಾವಣೆಗಳ ಶಾಲೆಗಳಲ್ಲಿಯೂ ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆಯಾದ ಮಕ್ಕಳು ಇದ್ದೇ ಇರುತ್ತಾರೆ. ಇಂತಹ ಪ್ರೌಢಶಾಲೆಗಳಲ್ಲಿ ಕನ್ನಡ ಸಂಘ, ಸಾಂಸ್ಕೃತಿಕ ಸಂಘ ಮುಂತಾದ ಹೆಸರಿನ ವಿದ್ಯಾರ್ಥಿ ಸಂಘಗಳಿರುವುದನ್ನು ಕಾಣುತ್ತೇವೆ. ರಾಜ್ಯೋತ್ಸವದಂದು ಮಕ್ಕಳು ಅಲ್ಲಿ ಹಾಡುತ್ತಾರೆ, ಕೋಲಾಟವಾಡುತ್ತಾರೆ, ಸಣ್ಣ ನಾಟಕಗಳನ್ನು ಆಡುತ್ತಾರೆ. ಪಾಠವನ್ನು ಒಪ್ಪಿಸುವಾಗ ತಡವರಿಸುವ ಹುಡುಗನೂ ಹತ್ತು ಮಂದಿಯೊಡನೆ ಹೆಜ್ಜೆ ಹಾಕಿ ಹಾಡುವಾಗ ತಡವರಿಸುವುದಿಲ್ಲ.

ಭಾಷೆಯು ಮಕ್ಕಳಿಗೆ ಹಾಡಿನಿಂದ, ಕಥೆಯಿಂದ, ಕುಣಿತದಿಂದ ಒಲಿಯುತ್ತದೆ ಎಂಬುದು ಇಂದು ಎಲ್ಲರೂ ಒಪ್ಪುವ ಮಾತು. ಆದರೆ ನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ಆ ಕಾಲದಲ್ಲಿ ಈ ಮಾತನ್ನು ನಂಬಿ, ಅದಕ್ಕಾಗಿ ತಮ್ಮ ಜೀವನವನ್ನೇ ಮುಡಿಪಾಗಿಟ್ಟ ಉಪಾಧ್ಯಾಯರೊಬ್ಬರಿದ್ದರು. ಅವರ ಮನೆಯ ಮಾತೂ ಕನ್ನಡವಲ್ಲ. ಅವರೇ ಪಂಜೆ ಮಂಗೇಶರಾಯರು.

ಮಂಗೇಶರಾಯರು 1874ರ ಫೆಬ್ರವರಿ 22ರಂದು ಬಂಟವಾಳದಲ್ಲಿ ಜನಿಸಿದರು. ಬಂಟವಾಳವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೇತ್ರಾವತಿ ನದಿಯ ದಡದಲ್ಲಿರುವ ಪೇಟೆ. ತಂದೆ ರಾಮಪ್ಪಯ್ಯನವರು. ಸಾರಸ್ವತ ಮನೆತನವಾದುದರಿಂದ ಮನೆಯಲ್ಲಿ ಆಡುತ್ತಿದ್ದುದು ಕೊಂಕಣಿ. ಅಂಗಳ ದಾಟಿ ಬೀದಿಗೆ ಇಳಿದರೆ ತುಳು. ಶಾಲೆಯ ಬಾಗಿಲಲ್ಲಿ ಕನ್ನಡ. ಮೇಲಿನ ತರಗತಿಗಳಿಗೆ ಹೋದಂತೆಲ್ಲ ಇಂಗ್ಲಿಷು. ಹೀಗೆ ಬಾಲಕ ಮಂಗೇಶನು ನಾಲ್ಕು ನುಡಿಗಳ ನಡುವೆ ಬೆಳೆದನು. ಆ ಸೀಮೆಯ ಗದ್ದೆಗಳಲ್ಲಿ ನಾಟಿ ಮಾಡುವ ಹೆಂಗಸರು ತುಳು ಪಾಡ್ದನಗಳನ್ನು ಹಾಡುತ್ತಿದ್ದರು. ಸುಗ್ಗಿ ಕಳೆದ ಮೇಲೆ ಬಯಲಲ್ಲಿ ರಾತ್ರಿಯಿಡೀ ಯಕ್ಷಗಾನದ ಚೆಂಡೆ ಮೊಳಗುತ್ತಿತ್ತು. ಮುಂದೆ ಪಂಜೆಯವರ ಬರವಣಿಗೆಯಲ್ಲಿ ಕಾಣಿಸಿಕೊಂಡ ನಾದಪ್ರೀತಿಗೆ ಈ ನೆಲವೇ ಮೂಲವೆಂದರೆ ತಪ್ಪಾಗಲಾರದು.

ಮನೆಯಲ್ಲಿ ಅನುಕೂಲವಿರಲಿಲ್ಲ. ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಮಂಗಳೂರಿಗೆ ಹೋದ ಮಂಗೇಶರಾಯರು ಕಷ್ಟದಿಂದಲೇ ಓದನ್ನು ಮುಂದುವರಿಸಿದರು. ಮಂಗಳೂರು ಆಗ ಕನ್ನಡ ಮುದ್ರಣದ ಒಂದು ಮುಖ್ಯ ಕೇಂದ್ರವಾಗಿತ್ತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಹೊರಟುದು ಅಲ್ಲಿಂದಲೇ. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದುದೂ ಅಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಆದರೂ ವಿದ್ಯಾವಂತರ ನಡುವೆ ಕನ್ನಡಕ್ಕೆ ಮನ್ನಣೆ ಕಡಿಮೆಯಾಗಿತ್ತು. ಕನ್ನಡ ನಾಡು ಆಗ ಮೈಸೂರು, ಮದರಾಸು, ಮುಂಬಯಿ, ಹೈದರಾಬಾದು, ಕೊಡಗು ಎಂದು ಹಂಚಿಹೋಗಿತ್ತು. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಸರಕಾರಿ ಕೆಲಸ ಬೇಕಾದವರು ಇಂಗ್ಲಿಷನ್ನು ಕಲಿಯುತ್ತಿದ್ದರು. ಕನ್ನಡ ಪಂಡಿತರ ಹುದ್ದೆಗೆ ಸಂಬಳವೂ ಕಡಿಮೆ, ಗೌರವವೂ ಕಡಿಮೆ. ಇಂತಹ ದಿನಗಳಲ್ಲಿ ಪಂಜೆಯವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಕೆಲಸದಲ್ಲಿದ್ದುಕೊಂಡೇ ಓದಿ ಬಿ.ಎ. ಪದವಿಯನ್ನು ಪಡೆದರು, ಉಪಾಧ್ಯಾಯ ತರಬೇತಿಯನ್ನೂ ಮುಗಿಸಿದರು.

1900ರ ಸುಮಾರಿಗೆ ಬೆನಗಲ್ ರಾಮರಾಯರು ಮಂಗಳೂರಿನಿಂದ ‘ಸುವಾಸಿನಿ’ ಎಂಬ ಮಾಸಪತ್ರಿಕೆಯನ್ನು ಹೊರಡಿಸುತ್ತಿದ್ದರು. ಪಂಜೆಯವರು ಅದಕ್ಕೆ ಬರೆಯತೊಡಗಿದರು. ಅವರ ‘ನನ್ನ ಚಿಕ್ಕತಾಯಿ’ ಕನ್ನಡದ ಮೊತ್ತಮೊದಲ ಸಣ್ಣಕಥೆಗಳಲ್ಲಿ ಒಂದೆಂದು ಸಾಹಿತ್ಯ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ರಾಜರಾಣಿಯರನ್ನೂ ಪುರಾಣಪುರುಷರನ್ನೂ ಬಿಟ್ಟು, ನಡುಮನೆಯಲ್ಲಿ ನಡೆಯುವ ಸಂಗತಿಗಳನ್ನು ನಗೆಯ ಲೇಪದೊಡನೆ ಹೇಳುವ ಹೊಸ ರೀತಿ ಅದಾಗಿತ್ತು. ಪಂಜೆಯವರು ಬರೆದದ್ದೇನೋ ಸರಿ; ಆದರೆ ತಮ್ಮ ಹೆಸರನ್ನು ಮುಂದೊಡ್ಡಲು ಅವರಿಗೆ ಸಂಕೋಚ. ಕೆಲವು ಬರಹಗಳ ಕೆಳಗೆ ‘ರಾ.ಮ.ಪಂ.’ ಎಂಬ ಅಕ್ಷರಗಳು ಮಾತ್ರ ಇರುತ್ತಿದ್ದವು. ಕವಿತೆಗಳಿಗೆ ಅವರು ‘ಕವಿಶಿಷ್ಯ’ ಎಂಬ ಹೆಸರನ್ನು ಆರಿಸಿಕೊಂಡರು. ಕವಿಯೆಂದು ಕರೆಸಿಕೊಳ್ಳಬಲ್ಲವರು ಕವಿಗಳ ಶಿಷ್ಯನೆಂಬ ಬಿರುದಿನಲ್ಲಿಯೇ ತೃಪ್ತಿ ಕಂಡರು.

ಮುಂದೆ ಪಂಜೆಯವರು ವಿದ್ಯಾ ಇಲಾಖೆಯಲ್ಲಿ ಶಾಲಾ ಇನ್ಸ್‌ಪೆಕ್ಟರಾದರು. ಅಂದಿನ ಹಳ್ಳಿಯ ಶಾಲೆಯ ಸ್ಥಿತಿಯನ್ನು ತಿಳಿದರೆ ಮಾತ್ರ ಅವರ ಕೆಲಸದ ಬೆಲೆ ತಿಳಿದೀತು. ಹಳೆಯ ಐಗಳ ಮಠಗಳ ಕ್ರಮ ಇನ್ನೂ ಪೂರ್ತಿಯಾಗಿ ಮಾಯವಾಗಿರಲಿಲ್ಲ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಅರ್ಥ ತಿಳಿಯದ ಪದ್ಯಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ತಪ್ಪಿದರೆ ಬೆತ್ತದ ಏಟು. ಹುಡುಗನನ್ನು ಹಗ್ಗಕ್ಕೆ ಜೋತುಬೀಳಿಸುವ ಕೋದಂಡವೆಂಬ ಶಿಕ್ಷೆಯೂ ಒಂದು ಕಾಲದಲ್ಲಿ ಇತ್ತು. ತುಳುವನ್ನೋ ಕೊಂಕಣಿಯನ್ನೋ ಆಡುವ ಮನೆಯಿಂದ ಬಂದ ಎಳೆಯ ಮಗುವಿಗೆ ಕನ್ನಡವೆಂದರೆ ಬೆತ್ತದ ಜೊತೆಗೆ ಪರಿಚಯವಾಗುವ ಭಾಷೆಯಾಗಿತ್ತು. ಮಕ್ಕಳು ಹೆದರುತ್ತಿದ್ದುದು ಐಗಳಿಗೆ. ಐಗಳು ಹೆದರುತ್ತಿದ್ದುದು ಇನ್ಸ್‌ಪೆಕ್ಟರಿಗೆ. ಶಾಲೆಗೆ ಬರುವ ಸಹಾಯಧನವು ಇನ್ಸ್‌ಪೆಕ್ಟರು ಬರೆಯುವ ವರದಿಯನ್ನು ಅವಲಂಬಿಸಿತ್ತು. ಆ ಧನ ನಿಂತರೆ ಬಡ ಉಪಾಧ್ಯಾಯನ ಒಲೆ ಆರುತ್ತಿತ್ತು. ಆದುದರಿಂದ ತನಿಖೆಯ ದಿನವೆಂದರೆ ಇಡೀ ಶಾಲೆಗೆ ನಡುಕದ ದಿನ.

ಪಂಜೆಯವರು ಬರುವ ದಿನ ಮಾತ್ರ ಹಾಗಿರಲಿಲ್ಲ. ಸೇತುವೆಯಿಲ್ಲದ ಹೊಳೆಗಳನ್ನು ದೋಣಿಯಲ್ಲಿ ದಾಟಿ, ಗದ್ದೆಯ ಬದುಗಳನ್ನು ನಡೆದು, ಗುಡ್ಡವೇರಿ ಅವರು ಶಾಲೆಗೆ ಬರುತ್ತಿದ್ದರು. ಬಂದವರು ತಪ್ಪು ಹುಡುಕಲು ತೊಡಗುತ್ತಿರಲಿಲ್ಲ. ಮಕ್ಕಳ ನಡುವೆ ನಿಂತು ಕಥೆ ಹೇಳುತ್ತಿದ್ದರು. ಹಾಡನ್ನು ರಾಗವಾಗಿ ಹಾಡಿ, ಅಭಿನಯಿಸಿ ತೋರಿಸುತ್ತಿದ್ದರು. ಉಪಾಧ್ಯಾಯರ ಬೋಧನೆಯಲ್ಲಿ ಕೊರತೆ ಕಂಡರೆ ಮಕ್ಕಳೆದುರಿಗೆ ಅವರನ್ನು ಗದರಿಸದೆ, ತಾವೇ ಪಾಠ ಮಾಡಿ ದಾರಿ ತೋರಿಸುತ್ತಿದ್ದರು. ಇದರಿಂದ ಉಪಾಧ್ಯಾಯರ ಮಾನವೂ ಉಳಿಯುತ್ತಿತ್ತು, ಕೆಲಸವೂ ತಿದ್ದುತ್ತಿತ್ತು. ಇನ್ಸ್‌ಪೆಕ್ಟರೊಬ್ಬರು ಮಕ್ಕಳೆದುರಿಗೆ ಹಾಡುವುದು, ಕೈಬಾಯಿ ತಿರುಗಿಸಿ ಅಭಿನಯಿಸುವುದು ಹುದ್ದೆಗೆ ತಕ್ಕುದಲ್ಲವೆಂದು ಭಾವಿಸುವ ಕಾಲವದು. ಹುದ್ದೆಯ ಬಿಗುಮಾನಕ್ಕಿಂತ ಮಗುವಿನ ಮುಖದ ಅರಳುವಿಕೆ ದೊಡ್ಡದೆಂದು ಪಂಜೆಯವರು ತಿಳಿದಿದ್ದರು.

ಹೀಗೆ ಊರೂರು ಸುತ್ತುವಾಗ ಅವರಿಗೆ ಒಂದು ಕೊರತೆ ಎದ್ದು ಕಂಡಿತು. ಮಕ್ಕಳಿಗೆ ಹೇಳಿಕೊಡಲು ಕನ್ನಡದಲ್ಲಿ ಮಕ್ಕಳ ಪುಸ್ತಕಗಳೇ ಇರಲಿಲ್ಲ. ಹಳಗನ್ನಡದ ಕಾವ್ಯಗಳು ಪ್ರೌಢರಿಗೆ, ನೀತಿಪದ್ಯಗಳು ಬಾಯಿಪಾಠಕ್ಕೆ. ಎಂಟು ವರ್ಷದ ಮಗು ನಕ್ಕು ಓದಬಹುದಾದ ಪುಟಗಳು ತೀರ ವಿರಳ. ಈ ಕೊರತೆಯನ್ನು ಮತ್ತೊಬ್ಬರು ತುಂಬಲಿ ಎಂದು ಅವರು ಕಾಯಲಿಲ್ಲ. ಶಾಲೆಗಳಿಗಾಗಿ ಪದ್ಯಪುಸ್ತಕಗಳನ್ನು ಸಿದ್ಧಪಡಿಸಿದರು. ಇಂಗ್ಲಿಷಿನ ಶಿಶುಗೀತೆಗಳನ್ನೂ ಕಥೆಗಳನ್ನೂ ಕನ್ನಡದ ಮಣ್ಣಿಗೆ ಒಗ್ಗಿಸಿದರು. ಅಜ್ಜಿಯರ ಬಾಯಲ್ಲಿದ್ದ ಕಥೆಗಳನ್ನು ಎತ್ತಿಕೊಂಡು ಹೊಸದಾಗಿ ಹೇಳಿದರು.

ಅವರ ಕಥೆಗಳ ಹೆಸರುಗಳನ್ನು ಕೇಳಿದರೆ ಸಾಕು, ಅವರ ಮನೋಧರ್ಮ ತಿಳಿಯುತ್ತದೆ. ‘ಗುಡುಗುಡು ಗುಮ್ಮಟ ದೇವರು’, ‘ಇಲಿಗಳ ಥಕಥೈ’, ‘ಸಿಗಡಿ ಯಾಕೆ ಒಣಗಲಿಲ್ಲ’, ‘ಹೇನು ಸತ್ತು ಕಾಗೆ ಬಡವಾಯಿತು’. ಒಂದು ಹೆಸರಿನಲ್ಲಿ ಸದ್ದಿದೆ, ಮತ್ತೊಂದರಲ್ಲಿ ಕುಣಿತದ ಬಾಯಿತಾಳವೇ ಇದೆ. ಸಿಗಡಿಯ ಕಥೆಯು ಕರಾವಳಿಯ ಅಂಗಳದಲ್ಲಿ ಬಿಸಿಲಿಗೆ ಹರವಿದ ಮೀನಿನಿಂದ ಹುಟ್ಟಿದುದು. ಅದು ಏಕೆ ಒಣಗಲಿಲ್ಲ ಎಂಬ ಸಣ್ಣ ಪ್ರಶ್ನೆಯಿಂದ ಕಥೆ ಆರಂಭವಾಗುತ್ತದೆ. ಒಬ್ಬರು ಇನ್ನೊಬ್ಬರ ಕಡೆಗೆ ಬೆರಳು ತೋರಿಸುತ್ತಾರೆ. ಪ್ರಶ್ನೆ ಸರಪಳಿಯಾಗಿ ಬೆಳೆಯುತ್ತ ಹೋಗುತ್ತದೆ. ತರಗತಿಯ ಮಕ್ಕಳಿಗೆ ಒಂದೊಂದು ಪಾತ್ರ ಕೊಟ್ಟು ನಿಲ್ಲಿಸಿದರೆ ಅದೇ ಒಂದು ನಾಟಕ. ಮೂರು ನಾಲ್ಕು ಬಾರಿ ಕೇಳುವಷ್ಟರಲ್ಲಿ ಕನ್ನಡದ ವಾಕ್ಯರಚನೆಯು ವ್ಯಾಕರಣದ ಹಂಗಿಲ್ಲದೆ ಮಗುವಿನ ನಾಲಿಗೆಗೆ ಬಂದುಬಿಡುತ್ತದೆ. ನಗಿಸುವ ಕಥೆಯ ಒಳಗೆ ಇಂತಹ ಪಾಠಕ್ರಮವನ್ನು ಅವರು ಅಡಗಿಸಿಟ್ಟಿದ್ದರು.

ಪದ್ಯಗಳ ವಿಷಯದಲ್ಲಿಯೂ ಹೀಗೆಯೇ. ನಾಗರಹಾವಿನ ಮೇಲೆ ಅವರು ಬರೆದ ಪದ್ಯವನ್ನು ಓದದೆ ಪ್ರಾಥಮಿಕ ಶಾಲೆಯನ್ನು ದಾಟಿದ ಕನ್ನಡ ಮಕ್ಕಳು ಬಹುಕಾಲ ಇರಲಿಲ್ಲವೆಂದೇ ಹೇಳಬೇಕು. ಅದರಲ್ಲಿ ಮಗು ಹಾವನ್ನು ಕರೆಯುತ್ತದೆ, ಪುಸಲಾಯಿಸುತ್ತದೆ. ಕಡೆಗೆ ಅಂಜಿ ಕಳುಹಿಸಿಕೊಡುತ್ತದೆ. ಪ್ರೀತಿ, ಕುತೂಹಲ, ಭಯ ಈ ಮೂರೂ ಕೆಲವೇ ಸಾಲುಗಳಲ್ಲಿ ಬರುವುದರಿಂದ ಅದನ್ನು ಸುಮ್ಮನೆ ಕುಳಿತು ಓದಲು ಸಾಧ್ಯವೇ ಇಲ್ಲ. ಅಂಗೈ ತಾನಾಗಿಯೇ ಹೆಡೆಯಂತೆ ಏಳುತ್ತದೆ. ‘ತೆಂಕಣ ಗಾಳಿಯಾಟ’ದಲ್ಲಿ ಕಡಲಿನಿಂದ ಬೀಸಿ ಬರುವ ಗಾಳಿಯ ಆರ್ಭಟವು ಶಬ್ದಗಳಲ್ಲಿಯೇ ಕೇಳಿಸುತ್ತದೆ. ‘ಡೊಂಬರ ಚೆನ್ನೆ’ಯಲ್ಲಿ ಹಗ್ಗದ ಮೇಲೆ, ಗಳುವಿನ ಮೇಲೆ ಜೀವವನ್ನು ಪಣವಾಗಿಟ್ಟು ಆಟವಾಡುವ ಬಡ ಹುಡುಗಿ ಕಾವ್ಯದ ನಾಯಿಕೆಯಾಗಿದ್ದಾಳೆ. ಊರಿನ ಮಕ್ಕಳು ಚಪ್ಪಾಳೆ ತಟ್ಟಿ ಮರೆತುಬಿಡುವ ಆ ಹುಡುಗಿಯ ಕಡೆಗೆ ಪಂಜೆಯವರು ಕಣ್ಣು ತಿರುಗಿಸಿದರು.

ಒಬ್ಬರು ಬರೆದರೆ ಸಾಲದು, ಬರೆಯುವವರ ಗುಂಪೇ ಬೇಕು ಎಂದು ತಿಳಿದ ಪಂಜೆಯವರು 1921ರಲ್ಲಿ ಮಂಗಳೂರಿನಲ್ಲಿ ‘ಬಾಲ ಸಾಹಿತ್ಯ ಮಂಡಲ’ವನ್ನು ಸ್ಥಾಪಿಸಿದರು. ಎಂ. ಎನ್. ಕಾಮತರೇ ಮೊದಲಾದ ಗೆಳೆಯರು ಅವರೊಡನೆ ಸೇರಿದರು. ಮಕ್ಕಳಿಗಾಗಿಯೇ ಕಥೆ, ಹಾಡುಗಳ ಚಿಕ್ಕ ಪುಸ್ತಕಗಳನ್ನು ಹೊರತರುವುದು ಮಂಡಲದ ಗುರಿಯಾಗಿತ್ತು. ಅಂದಿನ ವಿದ್ವಾಂಸರಲ್ಲಿ ಅನೇಕರಿಗೆ ಮಕ್ಕಳ ಸಾಹಿತ್ಯವು ಸಾಹಿತ್ಯವೆನಿಸಿರಲಿಲ್ಲ. ಇಷ್ಟು ಪ್ರತಿಭೆಯುಳ್ಳವರು ಮಹಾಕಾವ್ಯವನ್ನು ಬರೆಯದೆ ಇಲಿ, ಕಾಗೆ, ಸಿಗಡಿಗಳ ಕಥೆ ಹೇಳುತ್ತ ಕಾಲ ಕಳೆದರಲ್ಲಾ ಎಂದು ಮರುಗಬಹುದಾಗಿತ್ತು. ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದೆ ಇಲ್ಲ. ಪಂಜೆಯವರು ಬರೆದುದು ಗಾತ್ರದಲ್ಲಿ ಅಲ್ಪವೇ ಸರಿ. ಆದರೆ ಓದುವ ಮಕ್ಕಳಿಲ್ಲದೆ ಮಹಾಕಾವ್ಯವನ್ನು ಯಾರಿಗಾಗಿ ಬರೆಯಬೇಕು? ಮುಂದೆ ಕನ್ನಡದಲ್ಲಿ ದೊಡ್ಡ ಕಾವ್ಯಗಳು ಹುಟ್ಟಿದುವು. ಅವನ್ನು ಓದುವವರೂ ಹುಟ್ಟಿದರು. ಅವರಲ್ಲಿ ಬಹುಮಂದಿ ಬಾಲ್ಯದಲ್ಲಿ ಪಂಜೆಯವರ ಹಾಡನ್ನು ಹಾಡಿದವರು.

ಪಂಜೆಯವರು ಕನ್ನಡವನ್ನು ಪ್ರೀತಿಸಿದರೆಂದರೆ ಮನೆಯ ಮಾತನ್ನೂ ನೆರೆಯ ಮಾತನ್ನೂ ಕಡೆಗಣಿಸಿದರೆಂದು ಅರ್ಥವಲ್ಲ. ತುಳುನಾಡಿನ ವೀರರಾದ ಕೋಟಿ ಮತ್ತು ಚೆನ್ನಯ ಎಂಬ ಅವಳಿ ಸಹೋದರರ ಕಥೆಯು ಪಾಡ್ದನಗಳಲ್ಲಿ ಮಾತ್ರ ಉಳಿದಿತ್ತು. ದುಡಿಯುವ ಜನರು ಗದ್ದೆಯಲ್ಲಿಯೂ ಗರಡಿಯಲ್ಲಿಯೂ ಹಾಡಿಕೊಂಡು ಬಂದ ಆ ಕಥೆಯನ್ನು ಪಂಜೆಯವರು ಕನ್ನಡ ಗದ್ಯದಲ್ಲಿ ಬರೆದರು. ‘ಕೋಟಿ ಚೆನ್ನಯ’ 1924ರಲ್ಲಿ ಪ್ರಕಟವಾಯಿತು. ತುಳುವನ್ನು ಅರಿಯದ ಕನ್ನಡಿಗರಿಗೂ ಆ ವೀರರ ಪರಿಚಯವಾಯಿತು. ತುಳು ಮನೆಯ ಹುಡುಗನಿಗೆ ತನ್ನ ಅಜ್ಜಿ ಹಾಡಿದ ಕಥೆಯನ್ನು ಕನ್ನಡ ಪುಸ್ತಕದಲ್ಲಿ ಕಂಡಾಗ ಕನ್ನಡವೂ ತನ್ನದೇ ಎನ್ನಿಸದೆ ಇರಲಾರದು.

ತಮ್ಮ ವೃತ್ತಿಜೀವನದ ಕೊನೆಯ ಭಾಗದಲ್ಲಿ ಪಂಜೆಯವರು ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಕೊಡಗು ಆಗ ಪ್ರತ್ಯೇಕವಾದ ಸಣ್ಣ ಪ್ರಾಂತ. ಕೊಡವರ ಮನೆಮಾತು ಕೊಡವ. ಶಾಲೆಯ ಭಾಷೆ ಕನ್ನಡ. ಬಂಟವಾಳದ ಬಾಲ್ಯದಲ್ಲಿ ತಾವು ದಾಟಿದ ಹೊಸ್ತಿಲನ್ನೇ ಇಲ್ಲಿಯ ಮಕ್ಕಳೂ ದಾಟುತ್ತಿರುವುದನ್ನು ಅವರು ಕಂಡರು. ಹೊರಗಿನಿಂದ ಬಂದ ಉಪಾಧ್ಯಾಯರು ತಮ್ಮ ಪುಸ್ತಕದ ಕನ್ನಡವನ್ನು ಮಕ್ಕಳ ಮೇಲೆ ಹೇರಿ ಹೋಗಿಬಿಡಬಹುದಾಗಿತ್ತು. ಪಂಜೆಯವರು ಹಾಗೆ ಮಾಡಲಿಲ್ಲ. ಅವರು ಮಕ್ಕಳ ನಾಡಿನ ಕಡೆಗೆ ನೋಡಿದರು.

ಹುತ್ತರಿಯು ಕೊಡಗಿನ ಸುಗ್ಗಿಯ ಹಬ್ಬ. ಭತ್ತ ಬಲಿತಾಗ ಜನರು ಗದ್ದೆಗೆ ಹೋಗಿ ಹೊಸ ಕದಿರನ್ನು ತೆಗೆದು ಮನೆಗೆ ತರುತ್ತಾರೆ. ಅನಂತರ ಊರಿನ ಮಂದಿನಲ್ಲಿ ಸೇರಿ ಕೋಲಾಟವಾಡುತ್ತಾರೆ. ಪಂಜೆಯವರು ಈ ಹಬ್ಬದ ಹೆಸರಿನಲ್ಲಿಯೇ ಕನ್ನಡದಲ್ಲಿ ‘ಹುತ್ತರಿ ಹಾಡ’ನ್ನು ಬರೆದರು. ಕೊಡಗಿನ ಬೆಟ್ಟ, ಹೊಳೆ, ಕಾಡುಗಳ ಚೆಲುವನ್ನೂ ಅಲ್ಲಿಯ ಜನರ ಶೌರ್ಯವನ್ನೂ ಆ ಹಾಡು ಕೊಂಡಾಡುತ್ತದೆ. ಅದರ ನಡೆಯಲ್ಲಿ ಕೋಲಾಟದ ಬೀಸು ಇದೆ. ಕೊಡಗಿನ ಜನ ಅದನ್ನು ತಮ್ಮ ನಾಡಿನ ಗೀತೆಯೆಂದೇ ಸ್ವೀಕರಿಸಿದರು. ಕೊಂಕಣಿಯ ಮನೆಯಲ್ಲಿ ಹುಟ್ಟಿದವರೊಬ್ಬರು ಕನ್ನಡದಲ್ಲಿ ಬರೆದ ಹಾಡು ಕೊಡವರ ಹೆಮ್ಮೆಯಾಯಿತು! ಭಾಷೆಯು ಜನರನ್ನು ಬೇರ್ಪಡಿಸುವ ಗೋಡೆಯಾಗಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದರ ಅಧ್ಯಕ್ಷ ಪದವಿಗೆ ಪಂಜೆಯವರು ಆಯ್ಕೆಯಾದರು. ರಾಯಚೂರು ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಆಡಳಿತದ ಭಾಷೆ ಉರ್ದು. ಕನ್ನಡ ಮಕ್ಕಳಿಗೆ ತಮ್ಮ ನುಡಿಯಲ್ಲಿ ಓದುವ ಅವಕಾಶ ಕಡಿಮೆ. ಅಂತಹ ಸೀಮೆಯಲ್ಲಿ ಕನ್ನಡಿಗರು ಒಂದೆಡೆ ಸೇರುವುದೇ ಒಂದು ಧೈರ್ಯದ ಕೆಲಸವಾಗಿತ್ತು. ಪ್ರಾಚೀನ ಕನ್ನಡದ ಕವಿಗಳೂ ಅರಸರೂ ಓಡಾಡಿದ ನೆಲವನ್ನು ಪಾದರಕ್ಷೆ ಮೆಟ್ಟಿ ತುಳಿಯಲಾರದೆ ಪಂಜೆಯವರು ಅಲ್ಲಿ ಬರಿಗಾಲಿನಲ್ಲಿ ನಡೆದರೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಹಳ್ಳಿಯ ಮಕ್ಕಳ ನಡುವೆ ನಿಂತು ಹಾಡುತ್ತಿದ್ದ ಉಪಾಧ್ಯಾಯರಿಗೆ ಕನ್ನಡ ನಾಡು ಸಲ್ಲಿಸಬಹುದಾದ ಅತಿ ದೊಡ್ಡ ಗೌರವ ಹೀಗೆ ಸಂದಿತು. ‘ಕವಿಶಿಷ್ಯ’ರು ಕವಿಗಳ ಸಭೆಯ ಮುಂದಾಳಾದರು.

ಇದಾದ ಮೂರು ವರ್ಷಗಳಲ್ಲಿ, 1937ರ ಅಕ್ಟೋಬರ್ ತಿಂಗಳಲ್ಲಿ, ಪಂಜೆಯವರು ಹೈದರಾಬಾದಿನಲ್ಲಿ ನಿಧನರಾದರು. ಆಗ ಅವರಿಗೆ 63 ವರ್ಷ. ಹಲವು ಹೆಸರುಗಳಲ್ಲಿ ಹಲವು ಕಡೆ ಚದುರಿಹೋಗಿದ್ದ ಅವರ ಬರಹಗಳು ಅವರ ಕಾಲಾನಂತರದಲ್ಲಿ ಸಂಪುಟಗಳಾಗಿ ಪ್ರಕಟವಾದುವು. ಅವರು ಹುಟ್ಟಿದ ದಕ್ಷಿಣ ಕನ್ನಡ, ಅವರು ಪಾಠ ಹೇಳಿದ ಕೊಡಗು, ಅವರು ಸಮ್ಮೇಳನದ ಅಧ್ಯಕ್ಷರಾಗಿದ್ದ ರಾಯಚೂರು, ಈ ಮೂರೂ 1956ರ ನವೆಂಬರ್ 1ರಂದು ಒಂದೇ ರಾಜ್ಯದಲ್ಲಿ ಸೇರಿದುವು. ಆ ದಿನವನ್ನು ನೋಡಲು ಪಂಜೆಯವರು ಇರಲಿಲ್ಲ. ಆದರೆ ಅವರ ಹಾಡುಗಳು ಗಡಿಗಳನ್ನು ದಾಟಿ ಈ ನಾಡುಗಳ ಮಕ್ಕಳನ್ನು ಮೊದಲೇ ಒಂದುಗೂಡಿಸಿದ್ದವು.

ಇಂದು ಯಾವುದೇ ಪ್ರೌಢಶಾಲೆಯ ಕನ್ನಡ ಸಂಘದಲ್ಲಿ ಮಕ್ಕಳು ಹಾಡಿಗೆ ಹೆಜ್ಜೆ ಹಾಕುವಾಗ ಅದು ಪಾಠದ ನಡುವಣ ಬಿಡುವಿನ ಮನರಂಜನೆ ಮಾತ್ರವೆಂದು ತಿಳಿಯಬಾರದು. ಅದೂ ಪಾಠವೇ. ಭದ್ರಾವತಿಯ ಕಾರ್ಮಿಕರ ಮನೆಯಿಂದ ಬಂದ ತಮಿಳು ಮಾತಿನ ಹುಡುಗಿ, ಶಿವಮೊಗ್ಗದ ಉರ್ದು ಮಾತಿನ ಹುಡುಗ, ಮಲೆನಾಡಿನ ಹಳ್ಳಿಯ ಕನ್ನಡದ ಮಗು ಒಂದೇ ಸಾಲಿನಲ್ಲಿ ನಿಂತು ಕೋಲು ತಟ್ಟುವಾಗ ಯಾರ ಮನೆಯಲ್ಲಿ ಯಾವ ಮಾತು ಎಂದು ಯಾರೂ ಕೇಳುವುದಿಲ್ಲ. ಅಂತಹ ಸಾಲಿನ ಹಿಂದೆ ತುಸು ಮರೆಯಲ್ಲಿ, ತಾಳ ಹಾಕುತ್ತ ನಿಂತ ಉಪಾಧ್ಯಾಯರೊಬ್ಬರು ಇರುತ್ತಾರೆ. ಹೆಸರನ್ನು ಮರೆಸಿಕೊಂಡು ಮಕ್ಕಳಿಗಾಗಿ ದುಡಿಯುವ ಅವರೆಲ್ಲರಿಗೂ ಪಂಜೆ ಮಂಗೇಶರಾಯರು ಹಿರಿಯಣ್ಣನಂತಿದ್ದಾರೆ.